ಟ್ರಿಪಿಲ್ಯಾ: ಮೊದಲು ಬಲದಂಡೆ, ಆಮೇಲೆ ಮಡಕೆ

ಟ್ರಿಪಿಲ್ಯಾ ಎಂಬ ಊರಿನ ಹೆಸರೆತ್ತಿದೊಡನೆ ಎಲ್ಲರೂ ಅಲ್ಲಿ ಅಗೆದಾಗ ಸಿಕ್ಕ ಪ್ರಾಚೀನ ಬಣ್ಣದ ಮಡಕೆಗೇ ಹಾರುತ್ತಾರೆ. ಮಡಕೆ ಕಾಯಲಿ, ಮೊದಲು ನಕ್ಷೆ ನೋಡಿ.

ಊರು ಉಕ್ರೇನಿನ ಕೀವ್‌ನಿಂದ ದಕ್ಷಿಣಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿ, ದ್ನಿಪ್ರೊ ನದಿಯ ಬಲದಂಡೆಯಲ್ಲಿದೆ. ನಕ್ಷೆ ತೆರೆದರೆ ಮಾತ್ರ ನದಿಯ ಎಡಕ್ಕೆ ಕಾಣುತ್ತದೆ! ತಲೆ ಕೆಡುವುದು ಇಲ್ಲೇ. ದಂಡೆಯ ಎಡ-ಬಲ ಹೇಳುವುದು ನೀರು, ನಕ್ಷೆ ಹಿಡಿದವರಲ್ಲ. ನೀರು ಹರಿದುಹೋಗುವ ಕಡೆಗೆ ಮುಖಮಾಡಿ ನಿಂತುಕೊಳ್ಳಿ. ಬಲಗೈ ಕಡೆಯದು ಬಲದಂಡೆ. ದ್ನಿಪ್ರೊ ಇಲ್ಲಿ ದಕ್ಷಿಣದ ಕಡೆಗೆ ಹರಿಯುವುದರಿಂದ ಬಲದಂಡೆ ಎಂದರೆ ಪಶ್ಚಿಮ. ನನ್ನ ಉಪಾಯ: ನಕ್ಷೆಯನ್ನೇ ತಲೆಕೆಳಗು ಮಾಡಿಬಿಡಿ. ನದಿ ನಿಮ್ಮಿಂದ ಆಚೆಗೆ ಹರಿಯುತ್ತದೆ, ಊರು ತಾನಾಗಿ ಬಲಕ್ಕೆ ಬರುತ್ತದೆ.

ಇದು ಬರೀ ಹೆಸರಿನ ಲೆಕ್ಕವಲ್ಲ. ಬಲದಂಡೆ ಎತ್ತರದ ದಿಬ್ಬ, ಮೇಲೆ ಗಾಳಿ ತಂದು ಹರಡಿದ ನಯವಾದ ಲೋಯೆಸ್ ಮಣ್ಣು. ಎದುರಿನ ಎಡದಂಡೆ ತಗ್ಗು ಬಯಲು. ದಿಬ್ಬದ ಮೇಲೆ ನಿಂತವರಿಗೆ ಆಚೆ ದಡ ಪೂರ್ತಿ ಕಾಣುತ್ತದೆ.

ಈಗ 1093. ಪಶ್ಚಿಮದಿಂದ ಬರುವ ಸ್ಟುಹ್ನಾ ಎಂಬ ಸಣ್ಣ ಹೊಳೆ ಟ್ರಿಪಿಲ್ಯಾದ ಹತ್ತಿರವೇ ದ್ನಿಪ್ರೊ ಸೇರುತ್ತದೆ. ಹಿಂದೆ ಕೀವ್‌ನ ದೊರೆ ಮೊದಲನೆಯ ವೊಲೊಡಿಮಿರ್ ಹುಲ್ಲುಗಾವಲಿನ ಅಲೆಮಾರಿಗಳನ್ನು ತಡೆಯಲು ಕೋಟೆಪಟ್ಟಣ ಕಟ್ಟಿಸಿದ ಹೊಳೆಗಳಲ್ಲಿ ಇದೂ ಒಂದು. ಅಂಥ ಅಲೆಮಾರಿಗಳಾದ ಪೊಲೊವ್ಟ್ಸಿ ಸವಾರರು ದಂಡೆತ್ತಿ ಬಂದಾಗ ಕೀವ್‌ನ ಆಗಿನ ದೊರೆ ಸ್ವಿಯಾಟೊಪೊಲ್ಕ್, ಅವನ ಚಿಕ್ಕಪ್ಪನ ಮಗ ವೊಲೊಡಿಮಿರ್ ಮೊನೊಮಾಖ್, ಮೊನೊಮಾಖ್‌ನ ತಮ್ಮ ರೊಸ್ಟಿಸ್ಲಾವ್ ಮೂವರೂ ಸೇನೆಯೊಂದಿಗೆ ಹೊರಟರು. ಹೊಳೆ ದಾಟುವುದು ಬೇಡ, ಈಚೆಯೇ ನಿಂತು ಸಂಧಿ ಮಾಡೋಣ ಎಂಬುದು ಮೊನೊಮಾಖ್‌ನ ಅಭಿಪ್ರಾಯ. ಯಾರೂ ಕೇಳಲಿಲ್ಲ.

ತಮ್ಮ ನಾಡಿನಲ್ಲೇ ಸೋತ ಸೇನೆ ಮನೆ ಕಡೆ ಓಡುವಾಗ ಮುಳುಗುವುದೇಕೆ? ಕೀವ್ ಹೊಳೆಯ ಉತ್ತರಕ್ಕೆ, ಟ್ರಿಪಿಲ್ಯಾ ದಕ್ಷಿಣಕ್ಕೆ. ಸೇನೆ ಸ್ಟುಹ್ನಾ ದಾಟಿ, ಟ್ರಿಪಿಲ್ಯಾ ದಾಟಿ, ಮಣ್ಣಿನ ಗೋಡೆಯನ್ನೂ ದಾಟಿ ಹೋಗಿ ಕಾದಿತು. ಅಂದರೆ ಎದುರಿಗೆ ಶತ್ರು, ಬೆನ್ನಿಗೆ ಹೊಳೆ. ಮೇ ತಿಂಗಳು, ಹೊಳೆ ಉಕ್ಕಿತ್ತು. ರೊಸ್ಟಿಸ್ಲಾವ್ ಅಣ್ಣನ ಕಣ್ಣೆದುರೇ ಮುಳುಗಿದ. ಎತ್ತಲು ಹೋದ ಮೊನೊಮಾಖ್ ತಾನೂ ಮುಳುಗುವುದರಲ್ಲಿದ್ದ. ಹೊಳೆಯ ಯಾವ ಬದಿ ಯಾರದು ಎಂದು ಚೀಟಿಯಲ್ಲಿ ಒಂದು ಗೆರೆ ಎಳೆದುಕೊಂಡರೆ ಈ ಯುದ್ಧ ಬಾಯಿಪಾಠ ಮಾಡಬೇಕಿಲ್ಲ.

ಇನ್ನು ಮಡಕೆ. ಬೊಹೆಮಿಯಾದಲ್ಲಿ ಹುಟ್ಟಿದ ವಿಕೆಂಟಿ ಖ್ವೊಯ್ಕಾ 1890ರ ದಶಕದಲ್ಲಿ ಇಲ್ಲಿ ಅಗೆದ. ಸುರುಳಿ ಚಿತ್ರದ ಮಡಕೆಗಳ ಆ ಇತಿಹಾಸಪೂರ್ವ ಸಂಸ್ಕೃತಿಗೆ ಊರಿನ ಹೆಸರೇ ಬಂತು. ರೊಮೇನಿಯಾದವರು ಅದನ್ನೇ ಕುಕುಟೆನಿ ಎನ್ನುತ್ತಾರೆ, ಅದೂ ಒಂದು ಹಳ್ಳಿಯ ಹೆಸರು. ಆದರೆ ಈ ಸಂಸ್ಕೃತಿಯ ದೈತ್ಯ ನೆಲೆಗಳು ತಾಲ್ಯಾಂಕಿ, ಮೈದಾನೆಟ್ಸ್ಕೆಗಳಲ್ಲಿವೆ, ದೂರದ ದಕ್ಷಿಣದಲ್ಲಿ. ಪರೀಕ್ಷೆಯಲ್ಲಿ "ಅತಿ ದೊಡ್ಡ ನೆಲೆ" ಎಂದು ಕೇಳಿದರೆ ಟ್ರಿಪಿಲ್ಯಾ ಎಂದು ಬರೆದುಬಿಡಬೇಡಿ.

1919: ಇದೇ ಊರಿನ ಡಾನಿಲೊ ತೆರ್ಪಿಲೊ, ಅಂದರೆ ಅಟಮಾನ್ (ದಂಡಿನ ನಾಯಕ) ಝೆಲೆನಿ, ಬೊಲ್ಷೆವಿಕರ ವಿರುದ್ಧ ದಂಗೆ ಎದ್ದ, ಕೀವ್‌ನಿಂದ ಬಂದ ಕೊಮ್ಸೊಮೊಲ್ (ಕಮ್ಯುನಿಸ್ಟ್ ಯುವಸಂಘ) ಯುವಕರ ಹತ್ಯೆ ಇಲ್ಲೇ ಆಯಿತು.

1970ರ ದಶಕದಲ್ಲಿ ಕಾನಿವ್ ಅಣೆಕಟ್ಟಿನ ಹಿನ್ನೀರು ತುಂಬಿದ ಮೇಲೆ ಊರಿನ ಮುಂದಿರುವುದು ನದಿಗಿಂತ ಜಲಾಶಯವೇ. ಟ್ರಿಪಿಲ್ಯಾ ಹೆಸರಿನ ಉಷ್ಣ ವಿದ್ಯುತ್ ಸ್ಥಾವರ ಇರುವುದು ಪಕ್ಕದ ಉಕ್ರೈಂಕಾ ಪಟ್ಟಣದಲ್ಲಿ. ಆ ಪಟ್ಟಣ ಬೆಳೆದದ್ದೇ ಸ್ಥಾವರದಿಂದ. 2024ರ ಏಪ್ರಿಲ್ 11ರಂದು ರಷ್ಯಾದ ಕ್ಷಿಪಣಿಗಳು ಸ್ಥಾವರವನ್ನು ಧ್ವಂಸ ಮಾಡಿದವು.