ಗಡಿಯಾರವೇ ಇಲ್ಲದ ಗಡಿಯಾರದ ಲೆಕ್ಕ

‘ನಮ್ಮದು ಇಷ್ಟೇ ಸಾರ್’ ಎಂದು ಗಡಿಯಾರ ಮಾರುವ ಕಂಪನಿಯವರು ತಮ್ಮ ಹೊಗೆಯ ಲೆಕ್ಕದ ಒಂದು ಹಾಳೆ ಮುಂದಿಡುತ್ತಾರೆ. ಕಚೇರಿಯ ಕರೆಂಟ್ ಬಿಲ್ಲು, ಅಂಗಡಿಗಳ ಏಸಿ, ಜನರೇಟರಿನ ಡೀಸೆಲ್ಲು, ಕಂಪನಿಯ ಕಾರುಗಳು. ಎಲ್ಲ ಇದೆ, ಗಡಿಯಾರವೊಂದಿಲ್ಲ! ಕಂಪನಿಗಳ ಇಂಗಾಲದ ಲೆಕ್ಕ ಪರಿಶೀಲಿಸುವ ನನಗೆ ಈ ಹಾಳೆ ನೋಡಿ ನೋಡಿ ಸಾಕಾಗಿದೆ.

ಫ್ಯಾಷನ್ ಗಡಿಯಾರ ಮಾರುವವರು ಬಹುಪಾಲು ಅದನ್ನು ತಾವೇ ತಯಾರಿಸುವುದಿಲ್ಲ. ವಿನ್ಯಾಸ ಅವರದು, ಡಯಲ್ ಮೇಲಿನ ಹೆಸರು ಕೂಡ ಎಷ್ಟೋ ಸಲ ಲೈಸೆನ್ಸ್ ಪಡೆದು ತಂದದ್ದು. ಕೇಸು, ಒಳಗಿನ ಯಂತ್ರ, ಚರ್ಮದ ಪಟ್ಟಿ ಬೇರೆಯವರ ಕಾರ್ಖಾನೆಗಳಿಂದ ಬರುತ್ತವೆ. ಇಂಗಾಲದ ಲೆಕ್ಕದಲ್ಲಿ ಹೊಗೆಯನ್ನು ಮೂರು ‘ಸ್ಕೋಪ್’ಗಳಾಗಿ ಹಂಚುತ್ತಾರೆ. ಸ್ವಂತ ಇಂಧನದ ಸ್ಕೋಪ್ 1, ಕೊಂಡ ವಿದ್ಯುತ್ತಿನ ಸ್ಕೋಪ್ 2 ಚಿಕ್ಕದಾಗಿ ಕಾಣುವುದು ಅದಕ್ಕೇ. ಹೊಗೆ ಇರುವುದು ಸ್ಕೋಪ್ 3ರಲ್ಲಿ, ಅಂದರೆ ಸರಬರಾಜು, ಸಾಗಾಟದಂಥ ಬೇರೆಯವರ ಕೆಲಸದಲ್ಲಿ. ಅದಕ್ಕೆ ಹೊಗೆಯ ಲೆಕ್ಕದ ಅಂತರರಾಷ್ಟ್ರೀಯ ಮಾನದಂಡವಾದ ಜಿಎಚ್‌ಜಿ ಪ್ರೋಟೋಕಾಲ್ 2011ರಲ್ಲೇ 15 ವಿಭಾಗಗಳನ್ನು ಮಾಡಿಕೊಟ್ಟಿದೆ.

‘ಅದು ಸರಬರಾಜುದಾರರ ಹೊಗೆಯಲ್ಲವೇ? ಎರಡು ಕಡೆ ಎಣಿಸಿದಂತಾಗುತ್ತದಲ್ಲ?’ ಎನ್ನುತ್ತಾರೆ ಕಂಪನಿಯವರು.

ಆಗುತ್ತದೆ, ಆಗಲೇಬೇಕು. ಒಂದೇ ಸಾಲ ಕೊಟ್ಟವನ ಪುಸ್ತಕದಲ್ಲೂ ಇರುತ್ತದೆ, ಪಡೆದವನ ಪುಸ್ತಕದಲ್ಲೂ ಇರುತ್ತದೆ. ಯಾರೂ ಅದನ್ನು ತಪ್ಪೆನ್ನುವುದಿಲ್ಲ. ಕಾರ್ಖಾನೆಯವನ ಸ್ಕೋಪ್ 1 ನಿಮ್ಮ ಸ್ಕೋಪ್ 3. ಕೇಸಿನ ಉಕ್ಕನ್ನೇ ನೋಡಿ: ಒಂದು ಟನ್ ಉಕ್ಕು ತಯಾರಾಗಲು ಜಾಗತಿಕ ಸರಾಸರಿಯಲ್ಲಿ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಗುಜರಿ ಕರಗಿಸಿ ಮಾಡಿದ್ದಾದರೆ ಬಹಳ ಕಡಿಮೆ. ಯಾವ ಉಕ್ಕು ಬೇಕೆಂದು ಆರ್ಡರ್ ಬರೆಯುವವರು ನೀವು. ಬರೆದ ಕೈಗೆ ಲೆಕ್ಕವೂ ಸೇರಬೇಕು.

ಒಮ್ಮೆ ಇಂಥದೇ ಸಭೆಯಲ್ಲಿ, ಕೆಲಸಕ್ಕೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಮಾದರಿ ಗಡಿಯಾರವನ್ನು ಅಂಚೆ ತೂಗುವ ತಕ್ಕಡಿಯ ಮೇಲಿಟ್ಟಳು. ಆಮೇಲೆ ಅದರ ಡಬ್ಬಿ ಇಟ್ಟಳು: ಗಟ್ಟಿ ರಟ್ಟು, ಒಳಗೊಂದು ಪುಟ್ಟ ದಿಂಬು. ಡಬ್ಬಿಯೇ ಭಾರ. ‘ಸಾರ್, ನಾವು ಮಾರುವುದು ಯಾವುದನ್ನು?’ ಎಂದಳು. ಹಿರಿಯರು ನಗಲಿಲ್ಲ. ನನಗೆ ಮಾತ್ರ ಅವಳ ಮೇಲೆ ಅಕ್ಕರೆ ಹುಟ್ಟಿಬಿಟ್ಟಿತು.

ಇನ್ನು ಹೊಗೆ ಇಳಿಸುವ ಗುರಿಗಳ ಮಾತು. ವಿಜ್ಞಾನ ಆಧಾರಿತ ಗುರಿಗಳನ್ನು ಅನುಮೋದಿಸುವ ಎಸ್‌ಬಿಟಿಐ ಸಂಸ್ಥೆಯ ಈವರೆಗಿನ ನಿಯಮದಂತೆ, ಒಟ್ಟು ಹೊರಸೂಸುವಿಕೆಯಲ್ಲಿ ಸ್ಕೋಪ್ 3ರ ಪಾಲು ಶೇ 40 ಅಥವಾ ಹೆಚ್ಚಿದ್ದರೆ ಅದಕ್ಕೂ ಗುರಿ ಇಡಬೇಕು. ಗಡಿಯಾರದವರು ಇದರಿಂದ ತಪ್ಪಿಸಿಕೊಳ್ಳುವುದು ಕಷ್ಟ. ನಿಯಮಗಳು ಪರಿಷ್ಕರಣೆಯಾಗುತ್ತಿರುತ್ತವೆ, ಸಲ್ಲಿಸುವ ದಿನದ ಆವೃತ್ತಿ ಓದಿಕೊಳ್ಳಿ. ಬೇರೆಯವರು ತಗ್ಗಿಸಿದ ಹೊಗೆಗೆ ದುಡ್ಡು ಕೊಟ್ಟು ಕೊಂಡ ಕಾರ್ಬನ್ ಕ್ರೆಡಿಟ್ಟು ಈ ಇಳಿಕೆಗೆ ಜಮೆಯಾಗದು. ಮಾರಾಟ ಬಿದ್ದದ್ದರಿಂದ ಹೊಗೆ ಇಳಿದಿದ್ದರೆ ವರದಿಯಲ್ಲಿ ಹಾಗೆಂದೇ ಬರೆಯಿರಿ. ಅದನ್ನು ‘ಸಾಧನೆ’ ಎಂದು ಕರೆದರೆ ನಾನು ಸಹಿ ಹಾಕುವುದಿಲ್ಲ.

ನಾನು ಮೊದಲು ಕೈಯಿಡುವುದು ಸಾಗಾಟಕ್ಕೆ. ಸರಕು ವಿಮಾನದಲ್ಲಿ ಹೋದರೆ ಹಡಗಿನ ಹತ್ತಾರು ಪಟ್ಟು ಹೊಗೆ. ಗಡಿಯಾರ ಹಗುರ, ಬೆಲೆ ಜಾಸ್ತಿ, ಹಾಗಾಗಿ ವಿಮಾನದ ಬಾಡಿಗೆ ಯಾರಿಗೂ ಚುಚ್ಚುವುದಿಲ್ಲ. ಆದರೂ ‘ವಿಮಾನದಲ್ಲೇ ಯಾಕೆ?’ ಎಂದು ಕೆದಕಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ಡಯಲ್‌ನ ಬಣ್ಣಕ್ಕೆ ಒಪ್ಪಿಗೆ ಸಿಕ್ಕಿದ್ದು ಮೂರು ವಾರ ತಡ, ಹಡಗು ಹೊರಟುಹೋಗಿತ್ತು. ಈ ವಿನ್ಯಾಸದವರನ್ನು ಹವಾಮಾನದ ಸಭೆಗೆ ಯಾರೂ ಕರೆಯುವುದಿಲ್ಲ. ಮುಂದಿನ ಸಲ ಕರೆಯಿರಿ, ಬರುವಾಗ ಕ್ಯಾಲೆಂಡರ್ ತರಲು ಹೇಳಿ.