ಸೂಜಿ ತಾಲ್ಲೂಕಿನಲ್ಲಿ, ಬಲೂನು ಬೆಂಗಳೂರಿನಲ್ಲಿ

ಹೃದಯದ ರಕ್ತನಾಳ ಪೂರ್ತಿ ಕಟ್ಟಿಕೊಂಡರೆ ಅದನ್ನೇ ನಂಬಿದ ಸ್ನಾಯು ಅರ್ಧ ಗಂಟೆಯೊಳಗೇ ಸಾಯತೊಡಗುತ್ತದೆ. ಬಲೂನು ಹಾಕಿ ನಾಳ ತೆರೆಯುವ ಆಂಜಿಯೋಪ್ಲಾಸ್ಟಿಯೇ ಉತ್ತಮ ಚಿಕಿತ್ಸೆ, ಸಕಾಲಕ್ಕೆ ಸಿಕ್ಕರೆ. ಪಾವಗಡದಿಂದ ಬೆಂಗಳೂರಿಗೆ ಮೂರು ಗಂಟೆಯಾದರೂ ಬೇಕು. ಇಸಿಜಿಯಲ್ಲಿ ಹೃದಯಾಘಾತ ಖಚಿತವಾದ 120 ನಿಮಿಷದೊಳಗೆ ಬಲೂನು ಆಗದೆಂದಾದರೆ, ಹೆಪ್ಪು ಕರಗಿಸುವ ಮದ್ದನ್ನು ಅಲ್ಲೇ ಚುಚ್ಚಿ ಆಮೇಲೆ ಸಾಗಿಸಿ ಎನ್ನುತ್ತವೆ ಮಾರ್ಗಸೂಚಿಗಳು. ಮದ್ದಿನ ಪ್ರಯೋಜನ ನೋವು ಶುರುವಾದ 12 ಗಂಟೆಯವರೆಗೆ; ಮೊದಲ ಮೂರು ಗಂಟೆಯಲ್ಲಿ ಅತಿ ಹೆಚ್ಚು.

ಈ ತರ್ಕವನ್ನೇ ಆಡಳಿತದ ಭಾಷೆಗೆ ತಂದದ್ದು, ಕರ್ನಾಟಕ ಸರ್ಕಾರ 2023ರಲ್ಲಿ ಆರಂಭಿಸಿದ ಹೃದಯಜ್ಯೋತಿ ಯೋಜನೆ. ಅದಕ್ಕಿಟ್ಟ ಹೆಸರು, 2021ರ ಅಕ್ಟೋಬರ್‌ನಲ್ಲಿ 46ರ ವಯಸ್ಸಿಗೇ ತೀರಿಕೊಂಡ ಪುನೀತ್ ರಾಜ್‌ಕುಮಾರ್ ಅವರದು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಆನ್‌ಲೈನಿನಲ್ಲಿ ಹೋಗುತ್ತದೆ, ಕೃತಕ ಬುದ್ಧಿಮತ್ತೆಯ ನೆರವಿನಿಂದ ಕೆಲವೇ ನಿಮಿಷದಲ್ಲಿ ಓದಿ ತಿಳಿಸುತ್ತಾರೆ. ಜಯದೇವದಂಥ ಕೇಂದ್ರದ ಹೃದ್ರೋಗ ತಜ್ಞರು ಮಾರ್ಗದರ್ಶನ ಮಾಡುತ್ತಾರೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ.

ಇದಕ್ಕಿಂತ ಎಷ್ಟೋ ಅಗ್ಗದ, ಇದೇ ಕೆಲಸ ಮಾಡುವ ಸ್ಟ್ರೆಪ್ಟೊಕೈನೇಸ್ ಇರುವಾಗ ದುಬಾರಿ ಮದ್ದೇಕೆ? ಸ್ಟ್ರೆಪ್ಟೊಕೈನೇಸ್ 15 ಲಕ್ಷ ಯೂನಿಟ್‌ಗಳನ್ನು ಅರ್ಧದಿಂದ ಒಂದು ಗಂಟೆ ಡ್ರಿಪ್‌ನಲ್ಲಿ ಹರಿಸಬೇಕು. ನಡುವೆ ರಕ್ತದೊತ್ತಡ ಕುಸಿಯಬಹುದು, ಪಕ್ಕದಲ್ಲೇ ಕಾದಿರಬೇಕು. ಟೆನೆಕ್ಟೆಪ್ಲೇಸ್ ಒಂದೇ ಸಲ, ಐದು ಸೆಕೆಂಡಿನಲ್ಲಿ. ರಾತ್ರಿಪಾಳಿಯಲ್ಲಿ ಒಬ್ಬರೇ ವೈದ್ಯರಿರುವ ಕಡೆ ಈ ವ್ಯತ್ಯಾಸಕ್ಕೆ ಬೆಲೆಯಿದೆ.

ಪ್ರಮಾಣ ನಿಂತಿರುವುದು ತೂಕದ ಮೇಲೆ: 60 ಕೆ.ಜಿ.ಗಿಂತ ಕಡಿಮೆಯಿದ್ದರೆ 30 ಮಿ.ಗ್ರಾಂ, ಆಮೇಲೆ ಪ್ರತಿ 10 ಕೆ.ಜಿ.ಗೆ 5 ಮಿ.ಗ್ರಾಂ ಹೆಚ್ಚು, 90 ದಾಟಿದರೆ ಗರಿಷ್ಠ 50. ವಯಸ್ಸು 75 ದಾಟಿದ್ದರೆ ಅರ್ಧ ಸಾಕು. ಪುಡಿಗೆ ನೀರು ಬೆರೆಸಿದಾಗ ಕುಲುಕಬಾರದು, ನೊರೆಯೇಳುತ್ತದೆ, ಮೆಲ್ಲಗೆ ತಿರುಗಿಸಬೇಕು. ಕೈಗೆ ಹಾಕಿದ ನಳಿಕೆಯಲ್ಲಿ ಗ್ಲೂಕೋಸ್ ಹರಿಯುತ್ತಿದ್ದರೆ ಮದ್ದು ಅಲ್ಲೇ ಗಸಿಗಟ್ಟುತ್ತದೆ. ಮೊದಲು ಸಲೈನಿನಿಂದ ತೊಳೆಯಬೇಕು. ಜೊತೆಗೆ, ಮತ್ತೆ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮತ್ತು ಹೆಪಾರಿನ್ ಬಗೆಯ ಮದ್ದು.

ಚುಚ್ಚುವ ಮುನ್ನ ಕೇಳಲೇಬೇಕಾದ ಪ್ರಶ್ನೆಗಳೂ ಇವೆ. ಮಿದುಳಿನಲ್ಲಿ ಎಂದಾದರೂ ರಕ್ತಸ್ರಾವವಾಗಿತ್ತೇ, ಇತ್ತೀಚೆಗೆ ಪಾರ್ಶ್ವವಾಯು ಬಡಿದಿತ್ತೇ, ತಲೆಗೆ ಪೆಟ್ಟು ಬಿದ್ದಿತ್ತೇ, ದೊಡ್ಡ ಶಸ್ತ್ರಚಿಕಿತ್ಸೆಯಾಗಿತ್ತೇ? ಎಲ್ಲ ಸರಿಯಿದ್ದರೂ ನೂರರಲ್ಲಿ ಸುಮಾರು ಒಬ್ಬರಿಗೆ ಮಿದುಳಿನೊಳಗೆ ರಕ್ತ ಸುರಿಯುವ ಅಪಾಯ ಉಂಟು. ಮನೆಯವರಿಗೆ ಇದನ್ನು ಹೇಳಿಯೇ ಸಹಿ ಪಡೆಯಬೇಕು.

ಆದರೆ ಹೆಚ್ಚು ಹೊತ್ತು ಪೋಲಾಗುವುದು ಆಸ್ಪತ್ರೆಯ ಹೊಸ್ತಿಲಿನಾಚೆ. 'ಗ್ಯಾಸ್ಟ್ರಿಕ್' ಎಂದು ಸೋಡಾ ಕುಡಿದು, ಮಾತ್ರೆ ನುಂಗಿ, ಬೆಳಗಾಗಲಿ ಎಂದು ಕಾಯುತ್ತೇವೆ. ಸಕ್ಕರೆ ಕಾಯಿಲೆಯವರಿಗಂತೂ ನೋವೇ ಬರದೆ ಬರೀ ಬೆವರು, ಏದುಸಿರು ಇರಬಹುದು. ಮೊದಲ ಇಸಿಜಿ ಸರಿಯಿದೆಯೆಂದು ವಾಪಸು ಕಳಿಸುವುದು ಇನ್ನೊಂದು ತಪ್ಪು. ನೋವು ನಿಲ್ಲದಿದ್ದರೆ 15–30 ನಿಮಿಷಕ್ಕೆ ಮತ್ತೆ ತೆಗೆಯಬೇಕು.

ಸೂಜಿ ಚುಚ್ಚಿದಲ್ಲಿಗೆ ಕೆಲಸ ಅರ್ಧವಷ್ಟೇ ಆಗಿರುತ್ತದೆ. 60–90 ನಿಮಿಷದ ನಂತರದ ಇಸಿಜಿಯಲ್ಲಿ, ಆಘಾತದಿಂದ ಮೇಲೆದ್ದ ಎಸ್‌ಟಿ ಗೆರೆ ಅರ್ಧಕ್ಕಾದರೂ ಇಳಿಯದಿದ್ದರೆ ಹೆಪ್ಪು ಕರಗಿಲ್ಲ. ತಕ್ಷಣ ಬಲೂನು ಬೇಕು. ಇಳಿದಿದ್ದರೂ 2ರಿಂದ 24 ಗಂಟೆಯೊಳಗೆ ನಾಳದ ಚಿತ್ರ ತೆಗೆಯುವ ಆಂಜಿಯೋಗ್ರಾಂ ಆಗಬೇಕು, ಯಾಕೆಂದರೆ ಹೆಪ್ಪು ಹೋದರೂ ನಾಳ ಕಿರಿದಾದ ಜಾಗ ಹಾಗೇ ಇರುತ್ತದೆ. ತಮಿಳುನಾಡಿನಲ್ಲಿ ಸಣ್ಣ ಆಸ್ಪತ್ರೆಗಳನ್ನು ಬಲೂನು ಹಾಕುವ ಸೌಲಭ್ಯವಿರುವ ಕ್ಯಾತ್‌ಲ್ಯಾಬ್‌ಗಳಿಗೆ ಹೆಣೆದು ನಡೆಸಿದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ವರ್ಷದೊಳಗಿನ ಸಾವು ಶೇ 17.6ರಿಂದ 14.2ಕ್ಕೆ ಇಳಿಯಿತು. ಅಲ್ಲಿ ಬದಲಾದದ್ದು ಮದ್ದೊಂದೇ ಅಲ್ಲ: ಆಂಜಿಯೋಗ್ರಾಂವರೆಗೆ ತಲುಪಿದವರು ಶೇ 35ರಿಂದ ಸುಮಾರು 61ಕ್ಕೆ ಏರಿದ್ದರು.

ಹಾಗಾಗಿ ಎಷ್ಟು ಇಂಜೆಕ್ಷನ್ ಕೊಟ್ಟೆವು ಎಂಬ ಸರ್ಕಾರಿ ಲೆಕ್ಕ ನಮಗೆ ಸಾಲದು. ನೋವು ಹೋಯಿತೆಂದು ಆಂಬುಲೆನ್ಸ್ ಹತ್ತದೆ ಮನೆಗೆ ಹೋದವರೆಷ್ಟು? ಇಸಿಜಿಯಿಂದ ಸೂಜಿಗೆ ಎಷ್ಟು ನಿಮಿಷ ಹಿಡಿಯಿತು? ಹತ್ತು ನಿಮಿಷ ಇದರ ಗುರಿ. ಇಸಿಜಿಯ ಹೊತ್ತನ್ನು ಯಂತ್ರವೇ ಕಾಗದದ ಮೇಲೆ ಅಚ್ಚೊತ್ತುತ್ತದೆ, ಸೂಜಿಯ ಹೊತ್ತನ್ನು ನರ್ಸ್ ಗೋಡೆ ಗಡಿಯಾರ ನೋಡಿ ಬರೆಯುತ್ತಾರೆ. ಆ ಎರಡು ಗಡಿಯಾರಗಳ ನಡುವೆಯೇ ಕಾಲು ಗಂಟೆ ವ್ಯತ್ಯಾಸವಿದ್ದರೆ ಆ ಹತ್ತು ನಿಮಿಷಕ್ಕೆ ಅರ್ಥವೇ ಇಲ್ಲ.