ಕೊರಳಪಟ್ಟಿಯಲ್ಲಿ ಸ್ಟಿಕ್ಕರ್, ಕಣಕಾಲಿನಲ್ಲಿ ಸೊಳ್ಳೆ

ಮಳೆಗಾಲ ಆರಂಭವಾಗಿ ಡೆಂಗಿಯ ಸುದ್ದಿ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತಿದ್ದಂತೆ ಔಷಧದ ಅಂಗಡಿಗಳಲ್ಲಿ ಬಣ್ಣಬಣ್ಣದ ಸ್ಟಿಕ್ಕರುಗಳ ಪೊಟ್ಟಣಗಳು ನೇತಾಡತೊಡಗುತ್ತವೆ. ನಗುವ ಕರಡಿಯ ಚಿತ್ರವಿರುವ ಒಂದು ಬಿಲ್ಲೆಯನ್ನು ಮಗುವಿನ ಕೊರಳಪಟ್ಟಿಗೆ ಅಂಟಿಸಿಬಿಟ್ಟರೆ ಸೊಳ್ಳೆ ಹತ್ತಿರ ಸುಳಿಯುವುದಿಲ್ಲ ಎಂಬುದು ಅವುಗಳ ಭರವಸೆ. 2024ರಲ್ಲಿ ಕರ್ನಾಟಕ ಸರ್ಕಾರವೇ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ಮೇಲೆ ತಂದೆತಾಯಂದಿರ ಆತಂಕವನ್ನು ಯಾರೂ ಹಗುರವಾಗಿ ಕಾಣುವಂತಿಲ್ಲ. ಆ ಆತಂಕಕ್ಕೆ ಪರಿಹಾರವೆಂದು ಮಾರಲಾಗುತ್ತಿರುವ ವಸ್ತುವಿನ ಬಗ್ಗೆ ಮಾತ್ರ ನನ್ನ ತಕರಾರು.

ಇಂತಹ ಬಿಲ್ಲೆಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಟ್ರೊನೆಲ್ಲಾ ಎಣ್ಣೆ. ನಮ್ಮ ಹಿತ್ತಿಲಿನ ಮಜ್ಜಿಗೆ ಹುಲ್ಲಿನ ಹತ್ತಿರದ ಬಂಧುವಿನಿಂದ ಅದನ್ನು ಬಟ್ಟಿ ಇಳಿಸುತ್ತಾರೆ. ಆ ವಾಸನೆ ಸೊಳ್ಳೆಗೆ ಹಿಡಿಸದು ಎಂಬುದು ಸುಳ್ಳಲ್ಲ. ಆದರೆ ಅದು ಎಷ್ಟು ದೂರದವರೆಗೆ, ಎಷ್ಟು ಹೊತ್ತು ಹಿಡಿಸದು ಎಂದು ಪೊಟ್ಟಣವನ್ನು ಕೇಳುವವರು ಕಡಿಮೆ.

ಸೊಳ್ಳೆ ನಮ್ಮನ್ನು ಹುಡುಕುವ ಕ್ರಮ ಸೊಗಸಾದದ್ದು. ನಾವು ಹೊರಬಿಡುವ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 4 ಪ್ರತಿಶತ ಇರುತ್ತದೆ, ಅಂದರೆ ಸುತ್ತಲಿನ ಗಾಳಿಯಲ್ಲಿರುವುದರ ಸುಮಾರು ನೂರು ಪಟ್ಟು. ಹತ್ತು ಮೀಟರಿಗಿಂತಲೂ ದೂರದಿಂದ ಆ ಜಾಡನ್ನು ಹಿಡಿಯುವ ಹೆಣ್ಣುಸೊಳ್ಳೆ, ಹತ್ತಿರವಾದಂತೆ ಕಣ್ಣಿಗೆ ಬಿದ್ದ ಆಕೃತಿಯನ್ನೂ, ಒಂದು ಮೀಟರಿನೊಳಗೆ ಬಂದ ಮೇಲೆ ಮೈಯ ಶಾಖ ಮತ್ತು ಬೆವರಿನ ವಾಸನೆಯನ್ನೂ ಅನುಸರಿಸುತ್ತದೆ. ಒಂದು ಸುಳಿವು ತಪ್ಪಿದರೂ ಇನ್ನೊಂದು ಅದರ ಕೈಬಿಡುವುದಿಲ್ಲ.

ಈಗ ಬಿಲ್ಲೆಯ ವಾಸನೆಯತ್ತ ನೋಡೋಣ. ದೇವರ ಮನೆಯ ಊದುಬತ್ತಿಯ ಹೊಗೆ ಕೋಣೆಯನ್ನು ಒಂದೇ ಸಮನೆ ತುಂಬುವುದಿಲ್ಲ; ಎಳೆಯಾಗಿ ಎದ್ದು ಗಾಳಿ ಎಳೆದತ್ತ ಬಾಗುತ್ತದೆ. ಒಗ್ಗರಣೆಯ ಘಾಟಿಗೆ ಪಡಸಾಲೆಯಲ್ಲಿದ್ದವರು ಕೆಮ್ಮುತ್ತಿದ್ದರೂ ಒಲೆಯ ಪಕ್ಕದ ಕಿಟಕಿಯ ಬಳಿ ನಿಂತವರಿಗೆ ಅದರ ಅರಿವೇ ಆಗದಿರಬಹುದು. ಕೊರಳಪಟ್ಟಿಯಿಂದ ಹೊರಡುವ ವಾಸನೆಯೂ ಹಾಗೆಯೇ ಗಾಳಿಯ ಪಾಲಾಗುತ್ತದೆಯೇ ಹೊರತು ಮಗುವಿನ ಸುತ್ತ ಸೊಳ್ಳೆಪರದೆಯಂತೆ ಇಳಿಬೀಳುವುದಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೋ, ಕಾಲು ಮತ್ತು ಕಣಕಾಲುಗಳೆಂದರೆ ಬಲು ಇಷ್ಟ. ಹಣೆಯ ಮೇಲಿಟ್ಟ ವಿಭೂತಿ ಅಂಗಾಲಿಗೆ ಮುಳ್ಳು ಚುಚ್ಚದಂತೆ ತಡೆಯಬೇಕೆಂದು ನಾವು ನಿರೀಕ್ಷಿಸುವುದಿಲ್ಲವಲ್ಲ.

ಹಾಗಾದರೆ ಮೈಗೆ ಹಚ್ಚುವ ಮುಲಾಮು ಏಕೆ ಕೆಲಸ ಮಾಡುತ್ತದೆ? ಅಮೆರಿಕದ ಕೃಷಿ ಇಲಾಖೆ 1944ರಲ್ಲಿ ರೂಪಿಸಿ, ಮೊದಲು ಸೈನಿಕರಿಗೂ 1957ರಿಂದ ಜನಸಾಮಾನ್ಯರಿಗೂ ದೊರೆತ ಡೀಟ್ ಎಂಬ ರಾಸಾಯನಿಕದ ಅಧ್ಯಯನ ಇದಕ್ಕೆ ಸ್ವಾರಸ್ಯಕರ ಉತ್ತರ ಕೊಟ್ಟಿದೆ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಸಂಶೋಧಕರು ಘ್ರಾಣಶಕ್ತಿಗೆ ಬೇಕಾದ ಒಂದು ಮುಖ್ಯ ವಂಶವಾಹಿಯನ್ನು ಕೆಡಿಸಿದ ಸೊಳ್ಳೆಗಳನ್ನು ಬೆಳೆಸಿದರು. ಅವು ಡೀಟ್‌ನ ವಾಸನೆಗೆ ಹಿಂಜರಿಯದೆ ಹಾರಿ ಬಂದವು, ಆದರೆ ಡೀಟ್ ಹಚ್ಚಿದ ಚರ್ಮದ ಮೇಲೆ ಕೂತೊಡನೆ ಎದ್ದು ಹೋದವು. ಅವು ಅದರ ರುಚಿಯನ್ನು ಕಾಲುಗಳಿಂದಲೇ ಗುರುತಿಸುತ್ತವೆ ಎಂದು 2019ರಲ್ಲಿ ಖಚಿತವಾಯಿತು. ಸೊಳ್ಳೆಗೆ ಕಾಲಿನಲ್ಲೂ ನಾಲಿಗೆಯಿದೆ ಎನ್ನೋಣ. ಅದು ಕಾಲೂರುವ ಜಾಗದಲ್ಲೇ ಔಷಧವಿದ್ದರೆ ಮಾತ್ರ ಆ ನಾಲಿಗೆಗೆ ಕಹಿ ತಗಲುತ್ತದೆ. ಒಂದು ಮೊಳ ಆಚೆಗೆ ಅಂಟಿಸಿದ ಬಿಲ್ಲೆ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಪ್ರಯೋಗಗಳು ಹೇಳುವುದೂ ಇದನ್ನೇ. 2002ರಲ್ಲಿ ಫ್ರಾಡಿನ್ ಮತ್ತು ಡೇ ಎಂಬ ಇಬ್ಬರು, ಸೊಳ್ಳೆ ತುಂಬಿದ ಪಂಜರದೊಳಗೆ 15 ಸ್ವಯಂಸೇವಕರಿಂದ ಕೈ ಇಡಿಸಿ ನೋಡಿದಾಗ, ಸುಮಾರು 24 ಪ್ರತಿಶತ ಡೀಟ್ ಇದ್ದ ಲೇಪನ ಸರಾಸರಿ ಐದು ಗಂಟೆ ರಕ್ಷಿಸಿತು. ಸಿಟ್ರೊನೆಲ್ಲಾ ಲೇಪನಗಳು 20 ನಿಮಿಷವೂ ತಾಳಲಿಲ್ಲ. ಔಷಧ ತುಂಬಿದ ಕೈಪಟ್ಟಿಗಳ ರಕ್ಷಣೆ ಅರ್ಧ ನಿಮಿಷವನ್ನೂ ಮುಟ್ಟಲಿಲ್ಲ, ಅವುಗಳಲ್ಲೊಂದರಲ್ಲಿ ಡೀಟ್ ಇದ್ದರೂ ಕೂಡ. ದೋಷ ಔಷಧದಲ್ಲಿ ಮಾತ್ರವಲ್ಲ, ಅದನ್ನು ಇಟ್ಟ ಜಾಗದಲ್ಲೂ ಇದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ನ್ಯೂ ಮೆಕ್ಸಿಕೋ ರಾಜ್ಯ ವಿಶ್ವವಿದ್ಯಾಲಯದವರು 2017ರಲ್ಲಿ ಪರೀಕ್ಷಿಸಿದ ಐದು ಧರಿಸುವ ಸಾಧನಗಳಲ್ಲಿ ಗಣನೀಯವಾಗಿ ಫಲಿಸಿದ್ದು ಒಂದೇ. ಅದು ಮೆಟೊಫ್ಲುತ್ರಿನ್ ಎಂಬ ಕೀಟನಾಶಕವನ್ನು ಪುಟ್ಟ ಫ್ಯಾನಿನಿಂದ ಹರಡುವಂಥದ್ದು, ಸುಗಂಧದ ಎಣ್ಣೆಯದ್ದಲ್ಲ.

ಬಿ1 ಜೀವಸತ್ವದ ಬಿಲ್ಲೆಗಳ ಕಥೆ ಇನ್ನೂ ಹಳೆಯದು. 1943ರಲ್ಲಿ ಅಮೆರಿಕದ ಮಿನೆಸೋಟದ ವೈದ್ಯರೊಬ್ಬರು ಈ ಜೀವಸತ್ವ ಸೊಳ್ಳೆಯನ್ನು ದೂರವಿಡುತ್ತದೆಂದು ಬರೆದರು. ನಂತರದ ಪರೀಕ್ಷೆಗಳಲ್ಲಿ ಅದು ನಿಲ್ಲಲಿಲ್ಲ. ನುಂಗುವ ಯಾವ ಸೊಳ್ಳೆ ನಿವಾರಕವೂ ಪರಿಣಾಮಕಾರಿಯಲ್ಲವೆಂದು ಅಲ್ಲಿನ ಔಷಧ ನಿಯಂತ್ರಕರು 1985ರಲ್ಲಿ ಸ್ಪಷ್ಟಪಡಿಸಿದರು. ಮಾತ್ರೆಯಾಗಿ ಸೋತದ್ದು ಈಗ ಚರ್ಮಕ್ಕೆ ಅಂಟಿಕೊಂಡು ಮರಳಿದೆ. ಮೂಢನಂಬಿಕೆ ಹಳ್ಳಿಯ ತಾಯತದಲ್ಲಿ ಮಾತ್ರ ಇರುತ್ತದೆಂದು ತಿಳಿದವರು ಈ ಪೊಟ್ಟಣಗಳ ಬೆನ್ನಮೇಲಿನ ಬರಹವನ್ನೊಮ್ಮೆ ಓದಬೇಕು.

ಬಿಲ್ಲೆಯ ಕಲ್ಪನೆಯೇ ಅಸಂಬದ್ಧವೆಂದು ನಾನು ಹೇಳಲಾರೆ. ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಆನಂದಶಂಕರ್ ರೇ ಅವರ ತಂಡ 2011ರಲ್ಲಿ ಪ್ರಕಟಿಸಿದ ಶೋಧ ನಿಜಕ್ಕೂ ಚೆಲುವಾದದ್ದು: ಬೆಣ್ಣೆಯ ಪರಿಮಳಕ್ಕೆ ಕಾರಣವಾದ ಬ್ಯುಟೇನ್‌ಡಯೋನ್ ಸೇರಿದ್ದ ವಾಸನೆಗಳ ಒಂದು ಮಿಶ್ರಣವು ಸೊಳ್ಳೆಯ ಉಸಿರು ಗುರುತಿಸುವ ನರಕೋಶಗಳನ್ನು ನಿಮಿಷಗಟ್ಟಲೆ ಉದ್ರೇಕಿಸಿ ಅದರ ದಿಕ್ಕು ತಪ್ಪಿಸುತ್ತದೆ. ಇದೇ ಬಗೆಯ ಸಂಶೋಧನೆಯ ಬೆನ್ನಲ್ಲಿ, ಬಟ್ಟೆಗೆ ಅಂಟಿಸುವ ಕೈಟ್ ಪ್ಯಾಚ್‌ಗಾಗಿ 2013ರಲ್ಲಿ ಜನರಿಂದ 5 ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿತು. 48 ಗಂಟೆಗಳ ರಕ್ಷಣೆ ಅದರ ವಾಗ್ದಾನವಾಗಿತ್ತು. ಆದರೆ ಬ್ಯುಟೇನ್‌ಡಯೋನ್ ಆವಿಯನ್ನು ಹೆಚ್ಚಾಗಿ ಉಸಿರಾಡುವುದು ಶ್ವಾಸಕೋಶಕ್ಕೆ ಅಪಾಯ, ಆದ್ದರಿಂದ ಬೇರೆ ಸುರಕ್ಷಿತ ವಾಸನೆಗಳೇ ಬೇಕು. ಅಂಥದ್ದು ಸಿಕ್ಕರೂ ಅದು ಕೊರಳಪಟ್ಟಿಯಿಂದ ಹೊರಟು, ಗಾಳಿ ಎತ್ತ ಬೀಸಿದರೂ, ಕಣಕಾಲಿನ ಬಳಿ ಹಾರಾಡುವ ಸೊಳ್ಳೆಯನ್ನು ಸಾಕಷ್ಟು ಸಾಂದ್ರತೆಯಲ್ಲಿ ತಲುಪಬೇಕಾಗುತ್ತದೆ.